ಬಿಲ್ ಕೌಂಟರ್‌ನ ಕಿರಿಕಿರಿ: ಯಾವುದಕ್ಕೆ ಬಾಯಿ ತೆರೆಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ವಾರಕ್ಕೊಮ್ಮೆ ಮನೆ ಸಾಮಾನು ತರಲು ಹೋಗುತ್ತೇನೆ. ಸಾಮಾನು ಆರಿಸುವ ತನಕ ಎಲ್ಲ ಚೆನ್ನಾಗಿರುತ್ತದೆ. ಬಿಲ್ ಕೌಂಟರ್‌ಗೆ ಬಂದ ಕೂಡಲೇ ತಲೆ ಕೆಡುತ್ತದೆ. ಕ್ಯಾಷಿಯರ್ ನನ್ನ ಮುಖವನ್ನೂ ನೋಡದೆ ಪಕ್ಕದ ಕೌಂಟರಿನವರ ಜೊತೆ ಮಾತಾಡುತ್ತಿರುತ್ತಾರೆ. ಸಾಮಾನುಗಳನ್ನು ರಪರಪ ಅಂತ ಆಚೆ ತಳ್ಳುತ್ತಾರೆ. ಪ್ರತಿ ಸಲ ಮೆಂಬರ್ ಕಾರ್ಡ್ ಇದೆಯಾ, ಫೋನ್ ನಂಬರ್ ಹೇಳಿ ಅನ್ನುತ್ತಾರೆ. ನೋಟಿನ ಮೇಲೆ ನಾಣ್ಯ ಇಟ್ಟು ಕೊಡುತ್ತಾರೆ, ಅರ್ಧ ನೆಲಕ್ಕೆ ಬೀಳುತ್ತದೆ. ಒಂದೆರಡು ಸಲ ನಾನು ಕೊಂಡ ವಸ್ತು ನೋಡಿ 'ಇಷ್ಟೊಂದಾ?' ಅಂತ ನಕ್ಕಿದ್ದೂ ಇದೆ. ಎಲ್ಲ ಸಣ್ಣ ವಿಷಯಗಳೇ, ಗೊತ್ತು. ಆದರೂ ಮನೆಗೆ ಬಂದಾಗ ಮನಸ್ಸು ಕಹಿ. ಮನೆಯವರು 'ಸುಮ್ನೆ ಬಿಡು' ಅನ್ನುತ್ತಾರೆ. ದೂರು ಕೊಟ್ಟರೆ ಪಾಪ ಅವರ ಕೆಲಸ ಹೋದೀತು ಅನ್ನೋ ಅಳುಕು. ಏನು ಮಾಡಲಿ?

ಉತ್ತರ: ಮೊದಲೇ ಒಂದು ಮಾತು. ನಿಮ್ಮ ಸಿಟ್ಟು ಅತಿಯಾದದ್ದೇನಲ್ಲ. ಒಂದೇ ಜಾಗದಲ್ಲಿ ಐದು ಸಣ್ಣ ಚುಚ್ಚುಗಳು ಒಟ್ಟಿಗೆ ಬಿದ್ದರೆ ಯಾರಿಗಾದರೂ ನೋವಾಗುತ್ತದೆ. ಆದರೆ ನೀವು ಬರೆದ ಐದು ಕಿರಿಕಿರಿಗಳಲ್ಲಿ ಮೂರು ಆ ಕ್ಯಾಷಿಯರ್ ಮಾಡಿದ್ದಲ್ಲ. ವೇಗ, ಕಾರ್ಡಿನ ಪ್ರಶ್ನೆ, ನೋಟಿನ ಮೇಲಿನ ನಾಣ್ಯ, ಈ ಮೂರೂ ಕೆಲಸದ ಜಾಗದ ನಿಯಮ, ಯಂತ್ರ ಮತ್ತು ಆತುರದಿಂದ ಬಂದವು. ಹರಟೆ ಮತ್ತು 'ಇಷ್ಟೊಂದಾ' ಮಾತ್ರ ಆ ವ್ಯಕ್ತಿಯದ್ದು. ಈ ಎರಡು ಗುಂಪಿಗೆ ಔಷಧ ಬೇರೆ ಬೇರೆ. ನಾವು ಎಲ್ಲದಕ್ಕೂ ಎದುರಿಗೆ ಸಿಕ್ಕವರ ಮೇಲೇ ಸಿಟ್ಟಾಗುತ್ತೇವೆ. ಅದಕ್ಕೇ ಸಿಟ್ಟು ಕೆಲಸಕ್ಕೆ ಬರುವುದಿಲ್ಲ.

ಕೌಂಟರ್‌ನಲ್ಲಿ ಕೂರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹಾಗಾಗಿ ಮೇಜಿನ ಆ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅವರ ಪರ ವಕಾಲತ್ತು ಅಂದುಕೊಳ್ಳಬೇಡಿ. ಏನು ಬದಲಾಯಿಸಬಹುದು, ಏನು ಆಗದು ಅನ್ನುವುದು ಆ ಕಡೆಯಿಂದ ನೋಡಿದರೇ ಗೊತ್ತಾಗೋದು.

ಕ್ಯಾಷ್ ರಿಜಿಸ್ಟರ್, ಅಂದರೆ ಕೌಂಟರಿನ ಬಿಲ್ ಯಂತ್ರ, ಹುಟ್ಟಿದ್ದೇ ಕ್ಯಾಷಿಯರ್ ಮೇಲೆ ಕಣ್ಣಿಡಲು. ಅಮೆರಿಕದ ಒಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಅಂತ ಒಬ್ಬ ಬಾರ್ ಮಾಲೀಕ ಇದ್ದ. ಕೆಲಸದವರು ಗಿರಾಕಿ ಕೊಟ್ಟ ಹಣವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ ಅಂತ ಅವನಿಗೆ ತಲೆನೋವು. 1879ರಲ್ಲಿ ಪ್ರತಿ ಮಾರಾಟವನ್ನೂ ದಾಖಲಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಸುಮಾರು ಒಂದು ಶತಮಾನ ಕಳೆದ ಮೇಲೆ, 1974ರ ಜೂನ್ 26ರಂದು, ಡೇಟನ್‌ಗೆ ಹತ್ತಿರದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಈಗಿನ ಬಗೆಯ ಬಾರ್‌ಕೋಡ್ ಮೊದಲ ಸಲ ಸ್ಕ್ಯಾನ್ ಆಯಿತು. ಬೆಲೆಯನ್ನು ಬೆರಳಲ್ಲಿ ಒತ್ತುವ ಕೆಲಸ ಅಲ್ಲಿಂದ ಮೆಲ್ಲಗೆ ಕಡಿಮೆಯಾಯಿತು. ಜೊತೆಗೆ ಇನ್ನೊಂದು ಆಯಿತು. ಪ್ರತಿ ವಸ್ತು ಯಾವ ಕ್ಷಣಕ್ಕೆ ಸ್ಕ್ಯಾನ್ ಆಯಿತು ಅನ್ನುವುದನ್ನು ಯಂತ್ರ ಬರೆದಿಟ್ಟುಕೊಳ್ಳುವಂತಾಯಿತು. ನಿಮಿಷಕ್ಕೆ ಎಷ್ಟು ವಸ್ತು, ಒಂದು ಬಿಲ್ಲಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು, ಎಷ್ಟು ಸಲ ಬಿಲ್ ರದ್ದು, ಎಲ್ಲ ಲೆಕ್ಕ ಸಿಗುತ್ತದೆ. ಬಹಳ ದೊಡ್ಡ ಅಂಗಡಿಗಳಲ್ಲಿ ಈ ಲೆಕ್ಕವನ್ನು ಮೇಲಿನವರು ನೋಡುತ್ತಾರೆ. ನಿಮ್ಮ ಸಾಮಾನು ರಪರಪ ಅಂತ ಬರುವುದರ ಹಿಂದೆ ಈ ಗಡಿಯಾರ ಇದೆ.

ಹಾಗಾದರೆ ಒಡೆಯುವ ವಸ್ತು ಒಡೆದುಹೋಗಲಿ ಅಂತ ಬಿಡಬೇಕಾ? ಬೇಡ. ಬಹಳ ಜನ ಗಮನಿಸದ ಸಂಗತಿಯೊಂದಿದೆ. ಕ್ಯಾಷಿಯರ್ ನೀವು ಇಟ್ಟ ಕ್ರಮದಲ್ಲೇ ಸ್ಕ್ಯಾನ್ ಮಾಡುತ್ತಾರೆ. ಅವರಿಗೆ ಆರಿಸಿ ತೆಗೆಯಲು ಪುರುಸೊತ್ತಿಲ್ಲ. ಭಾರದ್ದು, ಗಟ್ಟಿಯದ್ದು ಮೊದಲು ಇಡಿ. ಮೆತ್ತಗಿನದು, ಒಡೆಯುವುದು ಕೊನೆಗೆ, ನಡುವೆ ಒಂದು ಗೇಣು ಜಾಗ ಬಿಟ್ಟು. ಬಾರ್‌ಕೋಡ್ ಇರುವ ಮೈ ಕ್ಯಾಷಿಯರ್ ಕಡೆಗೆ ಬರುವಂತೆ ಇಟ್ಟರೆ ಇನ್ನೂ ಒಳ್ಳೆಯದು, ತಿರುಗಿಸಿ ಹುಡುಕುವ ಕೆಲಸ ತಪ್ಪುತ್ತದೆ. ಇಷ್ಟು ಮಾಡಿದರೆ ವೇಗ ಹಾಗೇ ಇದ್ದರೂ ಹಾನಿ ಇಲ್ಲ.

ನಿಮಗೆ ನಿಧಾನವೇ ಬೇಕು ಅಂದರೆ ಕೇಳಿ. ಆದರೆ ಮೊದಲ ವಸ್ತು ಸ್ಕ್ಯಾನ್ ಆಗುವ ಮುಂಚೆ ಕೇಳಿ, ಏಳನೆಯದು ಬಿದ್ದ ಮೇಲೆ ಬೇಡ. 'ಸ್ವಲ್ಪ ನಿಧಾನ ಮಾಡ್ತೀರಾ, ನಾನೇ ಚೀಲಕ್ಕೆ ತುಂಬಬೇಕು' ಅಂದರೆ ಅದು ಕೋರಿಕೆ. 'ಏನ್ರೀ ಹೀಗೆ ಎಸೀತೀರಿ' ಅಂದರೆ ಅದು ಆರೋಪ. ಆರೋಪಕ್ಕೆ ಯಾರಾದರೂ ಮೊದಲು ಮಾಡುವುದು ತಮ್ಮ ಸಮರ್ಥನೆ. ಏನು ಮಾಡಬೇಡಿ ಅನ್ನುವ ಬದಲು ಏನು ಮಾಡಿ ಅಂತ ಹೇಳಿದರೆ ಅವರ ಕೈ ತಾನಾಗಿ ಹಾಗೆ ತಿರುಗುತ್ತದೆ.

ಇನ್ನು ಕಾರ್ಡ್ ಮತ್ತು ಫೋನ್ ನಂಬರ್. ಎಷ್ಟೋ ಬಿಲ್ಲಿಂಗ್ ಯಂತ್ರಗಳಲ್ಲಿ ಈ ಪ್ರಶ್ನೆ ಪರದೆಯ ಮೇಲೆ ತಾನೇ ಬರುತ್ತದೆ. ಹೌದು ಅಥವಾ ಇಲ್ಲ ಒತ್ತದೆ ಮುಂದಿನ ಪರದೆ ತೆರೆಯುವುದೇ ಇಲ್ಲ. ಕೆಲವು ಕಡೆ ಎಷ್ಟು ಗಿರಾಕಿಗಳಿಂದ ನಂಬರ್ ಪಡೆದರು ಅನ್ನುವುದಕ್ಕೂ ಗುರಿ ಇರುತ್ತದೆ. ದಿನಕ್ಕೆ ನೂರಾರು ಜನರಿಗೆ ಅದೇ ಪ್ರಶ್ನೆ ಕೇಳಿ ಅವರಿಗೂ ಸಾಕಾಗಿರುತ್ತದೆ. ನಿಮ್ಮನ್ನು ಹೋದ ವಾರ ನೋಡಿದ ನೆನಪಿದ್ದರೂ ಕೇಳಲೇಬೇಕು.

ಇದಕ್ಕೆ ಸುಲಭದ ಉಪಾಯ, ಅವರು ಕೇಳುವ ಮುಂಚೆ ಉತ್ತರ ಕೊಟ್ಟುಬಿಡುವುದು. ಹೋದ ಕೂಡಲೇ 'ನಮಸ್ಕಾರ, ಕಾರ್ಡ್ ಇಲ್ಲ, ನಂಬರ್ ಬೇಡ, ಚೀಲ ಇದೆ' ಅಂದುಬಿಡಿ. ಮೂರು ಪ್ರಶ್ನೆ ಒಂದೇ ಉಸಿರಿಗೆ ಮುಗಿಯಿತು. ಕ್ಯಾಷಿಯರ್‌ಗಳಿಗೆ ಇದು ಎಷ್ಟು ಇಷ್ಟ ಅಂದರೆ, ಕೆಲವರು ಆಗ ತಲೆ ಎತ್ತಿ ನಗುತ್ತಾರೆ. ನಂಬರ್ ಯಾಕೆ ಕೊಡುವುದಿಲ್ಲ ಅಂತ ವಿವರಿಸಲು ಹೋಗಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಮರುಮಾತು ಬರುತ್ತದೆ: 'ಮೆಸೇಜ್ ಏನೂ ಬರಲ್ಲ ಸರ್, ಆಫರ್ ಇದೆ ಮೇಡಂ'. 'ಬೇಡ, ಥ್ಯಾಂಕ್ಸ್' ಅನ್ನುವುದಕ್ಕೆ ಮರುಮಾತು ಇಲ್ಲ. ಎರಡನೇ ಸಲ ಒತ್ತಾಯಿಸಿದರೆ ಅದೇ ಎರಡು ಪದ, ಅದೇ ದನಿಯಲ್ಲಿ. ಬಿಲ್ಲಿನ ಮೊತ್ತಕ್ಕೆ ದಾನದ ಹಣ ಸೇರಿಸಲಾ ಅಂತ ಕೇಳುವಾಗಲೂ ಇದೇ. ಹಿಂದೆ ಸಾಲಿನಲ್ಲಿ ಜನ ನಿಂತಿರುವಾಗ ಬೇಡ ಅನ್ನಲು ನಾಚಿಕೆಯಾಗುತ್ತದೆ, ಅಲ್ವಾ? ಆ ನಾಚಿಕೆ ನಿಮ್ಮ ತಪ್ಪಲ್ಲ. ದಾನ ಕೊಡಲು ನಿಮಗೆ ನಿಮ್ಮದೇ ದಾರಿಗಳಿವೆ.

ನೋಟಿನ ಮೇಲೆ ನಾಣ್ಯ ಇಡುವುದಂತೂ ಬರೀ ಅಭ್ಯಾಸ. ಒಂದೇ ಸಲಕ್ಕೆ ಎಲ್ಲ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವ ಆತುರ. ನೀವು ಬರೀ ಅಂಗೈ ಬಟ್ಟಲಿನ ಹಾಗೆ ಮಾಡಿ ಮುಂದೆ ಹಿಡಿದು 'ಚಿಲ್ಲರೆ ಮೊದಲು' ಅನ್ನಿ. ಅಷ್ಟೇ. ಅಥವಾ ಮೇಜಿನ ಮೇಲೇ ಇಡಲು ಹೇಳಿ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಯೋಚಿಸುವುದು ಬೇಡ.

ನೀವು ಬರೆಯದ, ಆದರೆ ನನಗೆ ಬಹಳ ಜನ ಹೇಳುವ ಇನ್ನೊಂದು ಬಗೆಯ ಕಿರಿಕಿರಿ ಇದೆ. 'ನನ್ನನ್ನು ಕಳ್ಳನ ಹಾಗೆ ನೋಡಿದರು' ಅನ್ನುವುದು. ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಬುಟ್ಟಿಯ ತಳ ಇಣುಕಿದರು. ಕೊಟ್ಟ ದೊಡ್ಡ ನೋಟನ್ನು ಡ್ರಾಯರ್ ಒಳಗೆ ಹಾಕದೆ ಮೇಲೇ ಇಟ್ಟುಕೊಂಡರು, ಜೋರಾಗಿ 'ನೀವು ಇಷ್ಟು ಕೊಟ್ಟಿದ್ದೀರಿ' ಅಂದರು. ಒಂದು ವಸ್ತು ಬೇಡ ಅಂದಿದ್ದಕ್ಕೆ ಸೂಪರ್‌ವೈಸರ್‌ನನ್ನು ಕರೆದರು.

ಇವೆಲ್ಲ ಕಲಿಸಿಕೊಟ್ಟ ಪಾಠಗಳು. ದೊಡ್ಡ ನೋಟನ್ನು ಹೊರಗೆ ಇಟ್ಟುಕೊಳ್ಳುವುದು, ಮೊತ್ತವನ್ನು ಬಾಯಿಬಿಟ್ಟು ಹೇಳುವುದು ಆಮೇಲೆ 'ನಾನು ಕೊಟ್ಟಿದ್ದು ಬೇರೆ ನೋಟು' ಅನ್ನುವ ಜಗಳ ಬಾರದಿರಲಿ ಅಂತ. ಇದರಿಂದ ನಿಮಗೂ ರಕ್ಷಣೆ. ಸೂಪರ್‌ವೈಸರ್ ವಿಷಯ ಇನ್ನೂ ಸ್ವಾರಸ್ಯದ್ದು. ಸ್ಕ್ಯಾನ್ ಆದ ವಸ್ತುವನ್ನು ಬಿಲ್ಲಿನಿಂದ ತೆಗೆಯುವ ಅಧಿಕಾರ ಎಷ್ಟೋ ಕಡೆ ಕ್ಯಾಷಿಯರ್‌ಗೆ ಇರುವುದಿಲ್ಲ. ಗಿರಾಕಿ ಹೋದ ಮೇಲೆ ವಸ್ತುವನ್ನು ರದ್ದು ಮಾಡಿ ಆ ಹಣ ಜೇಬಿಗೆ ಹಾಕಿಕೊಳ್ಳುವುದು ಹಳೆಯ ಕಳ್ಳತನದ ದಾರಿ. ಅದಕ್ಕೇ ಇನ್ನೊಬ್ಬರ ಕೀಲಿ ಅಥವಾ ಪಾಸ್‌ವರ್ಡ್ ಬೇಕು. ಅಂದರೆ ಅಲ್ಲಿ ಅನುಮಾನ ಇರುವುದು ನಿಮ್ಮ ಮೇಲಲ್ಲ, ಅವರ ಮೇಲೆ. ರಿಟ್ಟಿಯ ಯಂತ್ರ ಇನ್ನೂ ಅದೇ ಕೆಲಸ ಮಾಡುತ್ತಿದೆ. ನಿಮಗೆ ಉಪಯೋಗಕ್ಕೆ ಬರುವುದು ಇಷ್ಟು: ಬೇಡವಾದ ವಸ್ತುವನ್ನು, ಬೆಲೆ ಬಗ್ಗೆ ಅನುಮಾನ ಇರುವ ವಸ್ತುವನ್ನು ಸ್ಕ್ಯಾನ್ ಆಗುವ ಮುಂಚೆಯೇ ಪಕ್ಕಕ್ಕೆ ಇಟ್ಟು ಹೇಳಿ. ಆಗ ಯಾರನ್ನೂ ಕರೆಯಬೇಕಿಲ್ಲ.

ಬಾರ್‌ಕೋಡ್ ಓದದೆ ಮೂರು ನಾಲ್ಕು ಸಲ ಉಜ್ಜುವುದೂ ಕೈಚಳಕದ ಕೊರತೆಯಲ್ಲ. ಸಾಮಾನ್ಯ ಬಾರ್‌ಕೋಡಿನಲ್ಲಿ 13 ಅಂಕಿ, ಕೊನೆಯದು ಉಳಿದ 12 ಸರಿ ಇವೆಯಾ ಅಂತ ತಾಳೆ ನೋಡುವ ಅಂಕಿ. ಸುಕ್ಕು, ನೀರು, ಹರಿದ ಗೆರೆ ಇದ್ದು ತಾಳೆ ಆಗದಿದ್ದರೆ ಯಂತ್ರ ಒಪ್ಪುವುದಿಲ್ಲ. ತಪ್ಪು ಬೆಲೆ ಹಾಕುವುದಕ್ಕಿಂತ ಸುಮ್ಮನಿರುವುದೇ ಅದಕ್ಕೆ ಕಲಿಸಿದ ಬುದ್ಧಿ.

ಈಗ ನಿಜವಾಗಿ ಅವರದ್ದೇ ಆದ ತಪ್ಪಿಗೆ ಬರೋಣ. ಪಕ್ಕದವರ ಜೊತೆ ಹರಟೆ.

ಇದಕ್ಕೆ ನಾನು ತರಬೇತಿಯಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಗಿರಾಕಿ ಎದುರಿಗಿರುವಾಗ ಅವರನ್ನು ದಾಟಿ ಮಾತಾಡುವುದು ಅಗೌರವ. ಆದರೂ ಅದರ ಹಿಂದೆ ಏನಿದೆ ಅಂತ ತಿಳಿದರೆ ಮುರಿಯುವುದು ಸುಲಭ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ವಿಮಾನದ ಪರಿಚಾರಕಿಯರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಒಂದು ವಿಷಯ ಬರೆದರು. ಸೇವೆಯ ಕೆಲಸದಲ್ಲಿ ಮೈ ದುಡಿದ ಹಾಗೆ ಭಾವನೆಯೂ ದುಡಿಯುತ್ತದೆ. ನಗು ಬಾರದಿದ್ದರೂ ನಗಬೇಕು, ಬೇಸರ ಇದ್ದರೂ ಮುಚ್ಚಿಡಬೇಕು, ಅದಕ್ಕೂ ಸಂಬಳದಲ್ಲೇ ಲೆಕ್ಕ. ಹೀಗೆ ದಿನವಿಡೀ ಮುಖ ಹೊಂದಿಸಿಕೊಂಡವರು ಒಂದು ಹೊತ್ತಿನಲ್ಲಿ ಮುಖ ಕೊಡುವುದನ್ನೇ ನಿಲ್ಲಿಸುತ್ತಾರೆ. ಪಕ್ಕದವರ ಜೊತೆ ಮಾತು ಅವರಿಗೆ ಉಸಿರಾಡುವ ಜಾಗ. ಅಲ್ಲಿ ನಟಿಸಬೇಕಿಲ್ಲ.

ಅದನ್ನು ಮುರಿಯಲು ನೀವೇ ಮೊದಲು ಮಾತಾಡಿ. ಕೌಂಟರ್ ಮುಟ್ಟಿದ ಕೂಡಲೇ, ಸಾಮಾನು ಕೆಳಗಿಡುವ ಮುಂಚೆ, ಒಂದು ನಮಸ್ಕಾರ, ಅದೂ ಅವರ ಕಣ್ಣು ನೋಡಿ. ನಮಸ್ಕಾರಕ್ಕೆ ಉತ್ತರ ಕೊಡದೆ ಇರುವುದು ಮನುಷ್ಯರಿಗೆ ಕಷ್ಟ. ಆಮೇಲೂ ಹರಟೆ ಮುಂದುವರಿದು ಕೆಲಸ ನಿಂತಿದ್ದರೆ 'ಬಿಲ್ ಶುರು ಮಾಡೋಣ್ವಾ?' ಅಂತ ಕೇಳಿ, ವ್ಯಂಗ್ಯ ಬೆರೆಸದೆ. ಕೆಲಸವೂ ನಡೆಯುತ್ತಿದೆ, ಹರಟೆಯೂ ನಡೆಯುತ್ತಿದೆ ಅಂದರೆ ನನ್ನ ಅಭಿಪ್ರಾಯ ಬಿಟ್ಟುಬಿಡಿ ಅಂತ. ಹಣ ಕೊಡುವ ಹೊತ್ತಿಗೆ ಮಾತ್ರ ಪಟ್ಟು ಹಿಡಿಯಿರಿ. ಅವರ ಗಮನ ನಿಮ್ಮ ಕಡೆ ಬರುವ ತನಕ ನೋಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ಚಿಲ್ಲರೆ ತಪ್ಪುವುದು ಹರಟೆಯ ನಡುವೆಯೇ.

ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ ಹೆಸರು ಹಿಡಿದು ಕರೆಯಿರಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರ ಹೆಸರು ನಿಮಗೆ ಗೊತ್ತು, ನಿಮ್ಮದು ಅವರಿಗೆ ಗೊತ್ತಿಲ್ಲ. ಸಿಟ್ಟಿನ ದನಿಯಲ್ಲಿ ಹೆಸರು ಕೂಗಿದರೆ ಅದು ಬೆದರಿಕೆಯ ಹಾಗೆ ಕೇಳುತ್ತದೆ.

'ಇಷ್ಟೊಂದಾ?' ಅನ್ನುವುದು ನಿಮಗೆ ಎಲ್ಲಕ್ಕಿಂತ ನೋವು ಮಾಡಿರಬೇಕು ಅಂತ ನನ್ನ ಊಹೆ. ನೀವು ಅದನ್ನು ಕೊನೆಗೆ, ಮೆಲ್ಲಗೆ ಬರೆದಿದ್ದೀರಿ. ನಾವು ಕೊಳ್ಳುವ ಸಾಮಾನು ನಮ್ಮ ಮನೆಯ ಒಳಗಿನ ಚಿತ್ರ. ಅದನ್ನು ಒಬ್ಬ ಅಪರಿಚಿತರು ಒಂದೊಂದಾಗಿ ಎತ್ತಿ ನೋಡುತ್ತಾರೆ. ನೋಡುವುದು ಅವರ ಕೆಲಸ. ಅದರ ಬಗ್ಗೆ ಮಾತಾಡುವುದು ಅವರ ಕೆಲಸವಲ್ಲ. ನಾನು ಹೊಸಬರಿಗೆ ಕಲಿಸುವಾಗ ಇದನ್ನು ಮೊದಲ ದಿನವೇ ಹೇಳುತ್ತೇನೆ: ಹವೆ ಬಗ್ಗೆ ಮಾತಾಡಿ, ಬುಟ್ಟಿ ಬಗ್ಗೆ ಬೇಡ.

ಹಾಗಿದ್ದರೂ ಹೆಚ್ಚಿನ ಸಲ ಈ ಮಾತಿನಲ್ಲಿ ಕೆಟ್ಟತನ ಇರುವುದಿಲ್ಲ. ಏನಾದರೂ ಸ್ನೇಹದ ಮಾತಾಡಬೇಕು, ಕಣ್ಣೆದುರು ಇರುವುದು ನಿಮ್ಮ ಸಾಮಾನೊಂದೇ. ಹಾಗಾಗಿ ಅದೇ ಬಾಯಿಗೆ ಬರುತ್ತದೆ. ಇದಕ್ಕೆ ಸಪ್ಪೆ ಉತ್ತರ ಕೊಡಿ. 'ಹೌದು, ಬೇಕಿತ್ತು' ಅನ್ನಿ, ಮುಗಿಯಿತು. ಮನೆಗೆ ನೆಂಟರು ಬರ್ತಾರೆ ಅಂತ ಸುಳ್ಳು ಕಾರಣ ಕೊಡಬೇಡಿ. ಅದರಿಂದ ಮಾತು ಬೆಳೆಯುತ್ತದೆ, ಮುಂದಿನ ವಾರ 'ನೆಂಟರು ಬಂದ್ರಾ?' ಅಂತ ಶುರುವಾಗುತ್ತದೆ. ಆದರೆ ಮಾತು ನಿಮ್ಮ ಮೈ, ಕಾಯಿಲೆ, ಖಾಸಗಿ ವಸ್ತು, ಹಣದ ಪರಿಸ್ಥಿತಿ ಕಡೆ ಹೋದರೆ ಸಪ್ಪೆ ಉತ್ತರ ಸಾಲದು. 'ಅದರ ಬಗ್ಗೆ ಮಾತು ಬೇಡ, ಬಿಲ್ ಮಾಡಿ' ಅನ್ನಿ. ದನಿ ಏರಿಸದೆ, ನಗದೆ. ನಮ್ಮಲ್ಲಿ ಬಹಳ ಜನ ಖಾರದ ಮಾತನ್ನು ನಗುತ್ತಾ ಹೇಳಿ ಮೆತ್ತಗೆ ಮಾಡುತ್ತೇವೆ. ಎದುರಿನವರಿಗೆ ಆ ನಗು ಮಾತ್ರ ಕಾಣುತ್ತದೆ.

ಮಾತು ಬೇಕೇ ಬೇಕು ಅನ್ನುವ ಗಿರಾಕಿಗಳೂ ಇದ್ದಾರೆ ಅನ್ನೋದನ್ನು ಮರೆಯಬೇಡಿ. ನೆದರ್‌ಲ್ಯಾಂಡ್ಸ್‌ನ ಜಂಬೋ ಎಂಬ ಸೂಪರ್‌ಮಾರ್ಕೆಟ್ 2019ರಲ್ಲಿ ಹರಟೆಗೆಂದೇ ಒಂದು ಕೌಂಟರ್ ತೆರೆಯಿತು. ಒಂಟಿಯಾಗಿರುವವರು, ಮುಖ್ಯವಾಗಿ ವಯಸ್ಸಾದವರು, ಆತುರವಿಲ್ಲದೆ ಮಾತಾಡುತ್ತಾ ಬಿಲ್ ಮಾಡಿಸಲಿ ಅಂತ. ಆಮೇಲೆ ಇನ್ನೂ ಹಲವು ಅಂಗಡಿಗಳಿಗೆ ಅದನ್ನು ಹರಡಿತು. ನಿಮ್ಮ ಹಿಂದೆ ನಿಂತವರಿಗೆ ಬೇಕಾದದ್ದೇ ನಿಮಗೆ ಕಿರಿಕಿರಿ ಆಗಿರಬಹುದು. ಯಾರಿಗೆ ಏನು ಬೇಕು ಅಂತ ಕ್ಯಾಷಿಯರ್ ಕೆಲವೇ ಸೆಕೆಂಡಿನಲ್ಲಿ ಊಹಿಸಬೇಕು. ತಪ್ಪು ಊಹೆ ಆಗುತ್ತಲೇ ಇರುತ್ತದೆ.

ಸಾಲಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಿಮ್ಮ ಸಿಟ್ಟಿನ ಅರ್ಧ ಅಲ್ಲಿಂದಲೇ ಬಂದಿರಬಹುದು. ಮೂರು ಕೌಂಟರ್‌ಗೆ ಮೂರು ಬೇರೆ ಸಾಲು ಇದ್ದರೆ, ನೀವು ನಿಂತ ಸಾಲೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ ಮೂರರಲ್ಲಿ ಒಂದು. ಅಂದರೆ ಹೆಚ್ಚಿನ ಸಲ ಪಕ್ಕದ ಸಾಲು ಮುಂದೆ ಹೋಗುವುದನ್ನು ನೋಡುತ್ತಾ ನಿಲ್ಲುವುದೇ ನಮ್ಮ ಪಾಲು. ಸುಮ್ಮನೆ ನಿಂತ ಹೊತ್ತು ಉದ್ದವಾಗಿ ಅನ್ನಿಸುತ್ತದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಕೌಂಟರ್ ತಲುಪುವ ಹೊತ್ತಿಗೆ ಒಳಗೆ ಕುದಿಯುತ್ತಿರುತ್ತದೆ. ಆಗ ನಾಣ್ಯ ಬಿದ್ದರೂ ಅದು ಕ್ಯಾಷಿಯರ್ ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ. ಜನ ಕಡಿಮೆ ಇರುವ ಹೊತ್ತಿಗೆ ಒಂದೆರಡು ಸಲ ಹೋಗಿ ನೋಡಿ. ಅದೇ ಕ್ಯಾಷಿಯರ್ ಆಗಲೂ ಹಾಗೇ ಇದ್ದಾರಾ ಅನ್ನುವುದರಿಂದ ಬಹಳ ಗೊತ್ತಾಗುತ್ತದೆ.

ಸ್ವಂತವಾಗಿ ಸ್ಕ್ಯಾನ್ ಮಾಡಿಕೊಳ್ಳುವ ಯಂತ್ರ ಇದ್ದರೆ ಅಲ್ಲಿಗೆ ಹೋಗಬಹುದು, ಕೆಲವೇ ವಸ್ತು ಇದ್ದಾಗ. ಬುಟ್ಟಿ ತುಂಬ ಇದ್ದರೆ ಬೇಡ. ಅವುಗಳಲ್ಲಿ ಹಲವು ಪ್ರತಿ ವಸ್ತುವಿನ ತೂಕ ತಾಳೆ ನೋಡುತ್ತವೆ. ಸ್ವಲ್ಪ ಹೆಚ್ಚು ಕಡಿಮೆ ಆದರೆ ನಿಂತುಬಿಡುತ್ತವೆ, ಆಗ ಮತ್ತೆ ಮನುಷ್ಯರನ್ನೇ ಕಾಯಬೇಕು.

ಇಲ್ಲಿಯವರೆಗೆ ಹೇಳಿದ್ದು ಸಣ್ಣ ಕಿರಿಕಿರಿಗೆ. ಹಣದ ತಪ್ಪು ಸಣ್ಣದಲ್ಲ. ಚಿಲ್ಲರೆ ಕಡಿಮೆ, ಒಂದೇ ವಸ್ತು ಎರಡು ಸಲ, ಕಪಾಟಿನ ಮೇಲೆ ಒಂದು ಬೆಲೆ ಬಿಲ್ಲಿನಲ್ಲಿ ಇನ್ನೊಂದು, ಇವಕ್ಕೆ ಅಲ್ಲೇ ಬಾಯಿ ತೆರೆಯಿರಿ. ಬಾಗಿಲು ದಾಟುವ ಮುಂಚೆ, ಕೌಂಟರ್ ಪಕ್ಕ ನಿಂತು ಬಿಲ್ ನೋಡಿ. ಹಿಂದಿನವರು ಗೊಣಗಿದರೆ ಗೊಣಗಲಿ. ಚಿಲ್ಲರೆ ವಿಷಯದಲ್ಲಿ ಒಪ್ಪಿಗೆ ಆಗದಿದ್ದರೆ ಡ್ರಾಯರ್ ಎಣಿಸಿ ತಾಳೆ ನೋಡಿ ಅಂತ ಕೇಳಬಹುದು. ನಿಮಗೆ ಕಡಿಮೆ ಕೊಟ್ಟಿದ್ದರೆ ಅಷ್ಟು ಹಣ ಡ್ರಾಯರಿನಲ್ಲಿ ಹೆಚ್ಚು ಇರಬೇಕು. ಹಾಗೆಯೇ ಜಾತಿ, ಧರ್ಮ, ಬಣ್ಣ, ಬಟ್ಟೆ, ಭಾಷೆ ಹಿಡಿದು ಅವಮಾನ ಮಾಡಿದರೆ ಅದನ್ನು ಕಿರಿಕಿರಿ ಅಂತ ಕರೆಯಲೇಬೇಡಿ. ನೇರ ಮ್ಯಾನೇಜರ್ ಹತ್ತಿರ ಹೋಗಿ.

ಕೊನೆಗೆ ನಿಮ್ಮ ಅಳುಕು, ದೂರಿನಿಂದ ಅವರ ಕೆಲಸ ಹೋಗುತ್ತದಾ ಅನ್ನುವುದು. ಅದು ದೂರು ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. 'ಆ ಹುಡುಗಿಗೆ ಮರ್ಯಾದೆ ಇಲ್ಲ' ಅಂತ ಬರೆದರೆ ಅವರಿಗೆ ಬೈಗುಳ ಬೀಳುತ್ತದೆ, ಬೇರೆ ಏನೂ ಬದಲಾಗುವುದಿಲ್ಲ. ಏನು ನಡೆಯಿತು ಅಂತ ಮಾತ್ರ ಬರೆಯಿರಿ. ತಾರೀಖು, ಹೊತ್ತು, ಕೌಂಟರ್ ಸಂಖ್ಯೆ ಸಾಮಾನ್ಯವಾಗಿ ಬಿಲ್ಲಿನಲ್ಲೇ ಇರುತ್ತವೆ. ಕಾರ್ಡ್, ಫೋನ್ ನಂಬರ್, ದಾನದ ಪ್ರಶ್ನೆಗಳ ಬಗ್ಗೆ ದೂರು ಇದ್ದರೆ 'ಇದು ಕ್ಯಾಷಿಯರ್ ತಪ್ಪಲ್ಲ, ನಿಮ್ಮ ಪದ್ಧತಿ ಸರಿಯಿಲ್ಲ' ಅಂತ ಸ್ಪಷ್ಟವಾಗಿ ಸೇರಿಸಿ. ನಂಬಿ, ಕೌಂಟರಿನವರು ಇದನ್ನೇ ಹೇಳಿ ಹೇಳಿ ಸೋತಿರುತ್ತಾರೆ. ಗಿರಾಕಿ ಬರೆದರೆ ಮೇಲಿನವರು ಓದುತ್ತಾರೆ. ಬಿಲ್ ಆದ ಮೇಲೆ ನಕ್ಷತ್ರ ಒತ್ತಿ ಅನ್ನುವ ಪರದೆ ಬಂದರೆ ಅಂಗಡಿಯ ಮೇಲಿನ ಸಿಟ್ಟನ್ನು ಅಲ್ಲಿ ತೀರಿಸಬೇಡಿ. ಆ ಅಂಕ ಬಹಳ ಕಡೆ ಕ್ಯಾಷಿಯರ್ ಖಾತೆಗೇ ಹೋಗುತ್ತದೆ.

ಮುಂದಿನ ವಾರ ಹೋದಾಗ ಎರಡೇ ಕೆಲಸ ಮಾಡಿ ನೋಡಿ: ಮೊದಲೇ ಮಾತಾಡುವುದು, ಸಾಮಾನನ್ನು ಕ್ರಮವಾಗಿ ಇಡುವುದು. ಇದಾದ ಮೇಲೂ ಆ ಒಬ್ಬರ ಜೊತೆ ಹೊಂದಿಕೆ ಆಗದಿದ್ದರೆ ಪಕ್ಕದ ಸಾಲಿಗೆ ಹೋಗಿ. ಅದು ಉದ್ದ ಇದ್ದರೂ ಪರವಾಗಿಲ್ಲ.